ಮಗಳ ಮೈಯಿಂದ ಸೀಸ ಇಳಿದದ್ದು

ಗಲ್ಫಿನ ಕೆಲಸ ಮುಗಿಸಿ ಬಂದ ಮೇಲೆ ನನ್ನ ಅಪ್ಪನಿಗೆ ಬೀಸುಬಲೆಯದ್ದೇ ಹುಚ್ಚು. ಬೆಳಗ್ಗೆ ತೊಕ್ಕೊಟ್ಟಿನ ನಮ್ಮ ಮನೆಯಿಂದ ಹೊಳೆಗೆ ಹೋಗಿ ಬಲೆ ಬೀಸುವುದು, ಮಧ್ಯಾಹ್ನ ಜಗಲಿಯಲ್ಲಿ ಕೂತು ಅದನ್ನು ರಿಪೇರಿ ಮಾಡುವುದು. ಬಲೆ ಮುಳುಗಲೆಂದು ಅಂಚಿನ ಹಗ್ಗಕ್ಕೆ ಸೀಸದ ಗುಂಡುಗಳಿರುತ್ತವೆ. ಗುಂಡಿನ ಸೀಳಿಗೆ ಹಗ್ಗ ಸಿಕ್ಕಿಸಿ, ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡುತ್ತಿದ್ದರು. ಅವರ ಅಪ್ಪನೂ ಹಾಗೆಯೇ ಮಾಡುತ್ತಿದ್ದರಂತೆ. ನಾಲ್ಕು ವರ್ಷದ ನನ್ನ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ನೋಡುತ್ತಾಳೆ ಎಂದಷ್ಟೇ ನಾನು ತಿಳಿದಿದ್ದೆ.

ಅವಳಿಗೆ ಆಗಾಗ ಹೊಟ್ಟೆನೋವು ಬರತೊಡಗಿತು. ಮುಖ ಬಿಳಿಚಿತು. ಕಂಕನಾಡಿಯ ಮಕ್ಕಳ ಡಾಕ್ಟರ ಬಳಿಗೆ ಮೂವರೂ ಹೋದೆವು.

"ಮಣ್ಣು, ಸುಣ್ಣ ಎಂತಾದ್ರೂ ಬಾಯಿಗೆ ಹಾಕ್ತಾಳಾ?" ಎಂದು ಡಾಕ್ಟರು ಕೇಳಿದರು.

ಇಲ್ಲ ಎಂದೆ.

"ನಾನು ಬಲೆಯ ಗುಂಡು ಕಚ್ತೇನೆ," ಎಂದಳು ಮಗಳು. "ಅಜ್ಜನಿಗಿಂತ ಗಟ್ಟಿ ಕಚ್ತೇನೆ." ಬಾಯಿ ತೆರೆದು ಯಾವ ಹಲ್ಲೆಂದು ತೋರಿಸಿದಳು. ಅಪ್ಪನ ಮುಖದ ನಗು ನಿಧಾನವಾಗಿ ಆರಿತು.

ರಕ್ತದಲ್ಲಿ ಸೀಸ ಸಿಕ್ಕಿತು. ಅದು ಮಕ್ಕಳ ಮಿದುಳಿಗೆ ಒಳ್ಳೆಯದಲ್ಲ ಎಂದರು ಡಾಕ್ಟರು. ಮೈಯಿಂದ ಹೋಗುತ್ತದೆಯೇ ಎಂದು ಮಾತ್ರ ಕೇಳಿದೆ.

"ಹೋಗ್ತದೆ. ಹೊಸತು ಒಳಗೆ ಹೋಗಬಾರದು, ಅಷ್ಟೇ. ಕಿಡ್ನಿ ಸೋಸಿ ಮೂತ್ರದಲ್ಲಿ ಕಳಿಸ್ತದೆ, ಸ್ವಲ್ಪ ಮಲದಲ್ಲಿ ಹೋಗ್ತದೆ. ಇಳಿಯದಿದ್ದರೆ ಅಡ್ಮಿಟ್ ಮಾಡಿ ಮದ್ದು ಕೊಡುವ."

ಗುಂಡು ಬಿಗಿ ಮಾಡಲು ಅಪ್ಪ ಆ ಸಂಜೆಯೇ ಇಕ್ಕಳ ತಂದರು. ಬಲೆಯ ಕೆಲಸ ಹಿತ್ತಲ ಶೆಡ್ಡಿಗೆ ಹೋಯಿತು. ಕೈ ತೊಳೆದು ಅಂಗಿ ಬದಲಿಸದೆ ಅವರು ಮೊಮ್ಮಗಳನ್ನು ಮುಟ್ಟುತ್ತಿರಲಿಲ್ಲ. ನಾನು ಕಬ್ಬಿಣದ ಟಾನಿಕ್, ರಾಗಿ, ಬಸಳೆ, ಬೂತಾಯಿ ಮೀನು ಎಂದು ಅವಳ ಹಿಂದೆ ಓಡಾಡಿದೆ. ಅವಳಿಗೆ ಮಾತ್ರ ಎಲ್ಲವೂ ಆಟ. ಬಚ್ಚಲಿನಿಂದ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು: "ಅಮ್ಮಾ, ಸೀಸ ಹೋಯ್ತು!"

"ಎಂತ ಹೋದದ್ದು?" ಎಂದು ಪಕ್ಕದ ಮನೆಯವರು ಕಂಪೌಂಡಿನಾಚೆಯಿಂದ ಕೇಳಿದರು.

"ಅವಳ ಆಸ್ತಿ," ಎಂದರು ಅಪ್ಪ.

ಎರಡನೆಯ ಪರೀಕ್ಷೆಯಲ್ಲಿ ಅಂಕಿ ಚೆನ್ನಾಗಿ ಇಳಿದಿತ್ತು. ಮೂರನೆಯದರಲ್ಲಿ ಇಳಿದದ್ದು ತೀರಾ ಸ್ವಲ್ಪ. ಮನೆಯ ಮೂಲೆಮೂಲೆ ಹುಡುಕಿದೆ, ಒಂದು ಗುಂಡೂ ಸಿಗಲಿಲ್ಲ.

ಡಾಕ್ಟರು ಸಮಾಧಾನದಿಂದ ಹೇಳಿದರು: ರಕ್ತದಲ್ಲಿರುವುದು ಬೇಗ ಹೋಗುತ್ತದೆ, ಆದರೆ ಒಂದಷ್ಟು ಮೊದಲೇ ಎಲುಬಿಗೆ ಸೇರಿರುತ್ತದೆ. ಅದು ಚೂರುಚೂರೇ ರಕ್ತಕ್ಕೆ ಬಂದು ಆಮೇಲೆ ಹೊರಗೆ ಹೋಗುತ್ತದೆ. ಹಾಗಾಗಿ ನಿಧಾನ. ಅಪ್ಪನೂ ಪ್ರತಿ ಸಲ ಪರೀಕ್ಷೆಗೆ ರಕ್ತ ಕೊಟ್ಟಿದ್ದರು. ಅವರ ಅಂಕಿ ಹೆಚ್ಚು ಕದಲಿರಲಿಲ್ಲ.

"ನನ್ನದು ಯಾಕೆ ಇಳಿಯುವುದಿಲ್ಲ, ಡಾಕ್ಟ್ರೇ?"

"ನೀವು ಎಷ್ಟು ವರ್ಷದಿಂದ ಕಚ್ತಾ ಇದ್ದೀರಿ?"

ಅಪ್ಪ ಬೆರಳು ಮಡಚಿ ಎಣಿಸತೊಡಗಿದರು.

ಮಳೆಗಾಲ ಕಳೆದ ಮೇಲಿನ ಪರೀಕ್ಷೆಗೆ ಮಗಳು ಅಳಲಿಲ್ಲ, ಅಪ್ಪ ಸೂಜಿ ಕಂಡು ಕಣ್ಣು ಮುಚ್ಚಿದರು. ಡಾಕ್ಟರು ಅವಳ ರಿಪೋರ್ಟನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿಸಿದರು. ಅಂಕಿ ಮತ್ತೆ ಇಳಿದಿತ್ತು. ಅಡ್ಮಿಟ್ ಬೇಡ, ಇನ್ನು ಶಾಲೆಗೆ ಸೇರಿಸುವಾಗ ಒಮ್ಮೆ ನೋಡಿದರೆ ಸಾಕು ಎಂದರು. ಮಗಳು ಆಗಲೇ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ಆ ಅಂಕಿಯನ್ನೇ ನೋಡುತ್ತ ಕುರ್ಚಿಯಲ್ಲೇ ಕೂತಿದ್ದೆ.

"ಏಳು ಮಾರಾಯ್ತಿ," ಎಂದರು ಅಪ್ಪ ನನ್ನ ತೋಳು ಹಿಡಿದು, "ಹೊರಗೆ ಬೇರೆ ಮಕ್ಕಳು ಕಾಯ್ತಾ ಇದ್ದಾರೆ."