ಉಪ್ಪಿನಕಾಯಿ ನಿಲ್ಲಿಸಿದ ಮುದಲಾಳಿಯಮ್ಮ

ನಿಧಿ, ಸುಹಾಸ, ನಮ್ಮ ಮುದಲಾಳಿಯಮ್ಮನಿಗೆ, ಅಂದರೆ ನಾನು ಕೆಲಸಕ್ಕಿದ್ದ ಕಾರ್ಖಾನೆಯ ಒಡತಿಗೆ, ಮೂಗಿನ ಎರಡು ಕಡೆಯೂ ಕೆಂಪು ಕಲ್ಲಿನ ಮೂಗುಬೊಟ್ಟು. ಹೇಸಿಗೆಯಾದರೆ ಮಾತಿಗಿಂತ ಮೊದಲು ಹೊಳ್ಳೆಗಳು ಅರಳಿ ಆ ಕಲ್ಲುಗಳು ಮೇಲೇಳುತ್ತಿದ್ದವು. ಅವರದು ಹೊಸೂರು ಕಡೆಯ ಕನ್ನಡ, ನಡುನಡುವೆ ತಮಿಳು.

ಮದರಾಸಿನ ಪಲ್ಲಾವರಂನ ಅವರ ಕಾರ್ಖಾನೆಯಲ್ಲಿ ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ತಯಾರಾಗುತ್ತಿತ್ತು. ದಿನವೂ ಹೊಸ ಮಾಲಿನಿಂದ ಒಂದನ್ನು ತೆಗೆದು ಕೆಲಸದವರ ಅಡುಗೆಯ ಕುಕ್ಕರಿಗೆ ಹಾಕಿಸುತ್ತಿದ್ದರು. ಮುಚ್ಚಳದ ಪಕ್ಕದಿಂದ ಹಬೆ ನುಗ್ಗಿದರೆ ಆ ಮಾಲು ಗೇಟು ದಾಟುತ್ತಿರಲಿಲ್ಲ. "ಇವತ್ತು ನಾವು ಅರೆಬೆಂದದ್ದು ತಿನ್ನೋಣ, ಕೊಂಡೋರು ಅನ್ನ ತಿನ್ಲಿ" ಎಂದು ನಗುತ್ತಿದ್ದರು.

ವ್ಯಾಪಾರ ಬಿದ್ದಾಗ ಅವರ ಮಗ ಕಂಡದ್ದಕ್ಕೆಲ್ಲ ಕೈ ಹಾಕಿದ. ತಲೆಗೆ ಹಚ್ಚುವ ಎಣ್ಣೆ, ಊದುಬತ್ತಿ, ಕೊನೆಗೆ ಉಪ್ಪಿನಕಾಯಿ. ಅದೂ ರಬ್ಬರ್ ಬೇಯುವ ಶೆಡ್ಡಿನಲ್ಲೇ, ನಡುವೆ ಒಂದು ತಗಡು ಅಡ್ಡ ಇಟ್ಟು. ನಿಮ್ಮ ತಾತ ತೀರಿಕೊಂಡ ಮೇಲೆ ನನಗೆ ಸಿಕ್ಕಿದ್ದು ಆ ಉಪ್ಪಿನಕಾಯಿಯ ಕೆಲಸ. ಮನೆ ನಡೆಯುತ್ತಿದ್ದುದು ಅದರಿಂದಲೇ. ಮಾವಿನ ಹೋಳಿಗೂ ಸುಟ್ಟ ಟಯರಿನ ನಾತ. ಪೀಪಾಯಿಗೆ ಬೂಷ್ಟು ಬಂದಾಗ ಮಗ, "ಮೇಲೆ ಕೆರೆದು ಎಣ್ಣೆ ಸುರೀರಿ, ಯಾರಿಗ್ ಗೊತ್ತಾಗತ್ತೆ" ಎಂದ. ಆ ಹಸಿರು ಲೋಳೆ ಉಗುರಿನೊಳಗೆ ಸೇರಿಕೊಂಡಿತು. ಆ ಕೈಯಲ್ಲಿ ನನಗೆ ಊಟ ಸೇರಲಿಲ್ಲ.

ನನಗೆ ಬಾಯಿಲ್ಲ. ಒಂದು ಬಟ್ಟಲಿಗೆ ಹಾಕಿ, ಊಟದ ಹೊತ್ತಿಗೆ ಮುದಲಾಳಿಯಮ್ಮನ ಮುಂದಿಟ್ಟೆ. ಅವರು ಮೂಸಿ ನೋಡಿದರು. ಮಗನನ್ನು ಕರೆದು ಅವನ ಅನ್ನದ ಪಕ್ಕಕ್ಕೇ ಬಡಿಸಿದರು.

"ಸಾಪ್ಡು ಕಣ್ಣಾ, ತಿನ್ನು."

"ಅಯ್ಯೋ ಅಮ್ಮಾ, ಇದು ಮಾರೋಕೆ."

"ಅಂದ್ರೆ ತಿನ್ನೋಕಲ್ವಾ? ಥೂ! ನಿನ್ನ ಊದುಬತ್ತಿ ಕಟ್ಟುಗಟ್ಟಲೆ ಹಚ್ಚಿದ್ರೂ ಈ ನಾತ ಹೋಗಲ್ಲ. ಪೋದುಮ್‌ಪ್ಪಾ, ಸಾಕು. ನಮಗೆ ಬರೋದು ರಬ್ಬರ್ ಒಂದೇ. ಅದನ್ನ ನೆಟ್ಟಗೆ ಮಾಡೋಣ."

ಅಂದೇ ಪೀಪಾಯಿಗಳು ಗುಂಡಿ ಸೇರಿದವು. ಎಣ್ಣೆ, ಊದುಬತ್ತಿಯೂ ನಿಂತವು. ನನ್ನ ಕೆಲಸವೂ ಹೋಯಿತೆಂದು ಸೆರಗು ಕಚ್ಚಿ ನಿಂತಿದ್ದೆ.

"ಯಾಕಮ್ಮಾ ಗೋಡೆಗೆ ಹಲ್ಲಿ ಥರ ಅಂಟ್ಕೊಂಡಿದೀಯ? ನಾಳೆಯಿಂದ ಆ ಕುಕ್ಕರ್ ನಿಂದು. ಹಬೆ ಬಂದ್ರೆ ನನ್ನ ಮಗ ಬೇಡ ಅಂದ್ರೂ ನಂಗೇ ಹೇಳು."

ನಿಧಾನವಾಗಿ ಗ್ಯಾಸ್ಕೆಟ್ ಕೊಳ್ಳುತ್ತಿದ್ದ ಹಳೆಯ ಅಂಗಡಿಯವರು ಮರಳಿ ಬಂದರು. ನಿಮ್ಮಪ್ಪನನ್ನು ನಾನು ಓದಿಸಿದ್ದು ಆ ಒಲೆಯ ಮುಂದೆ ಕೂತೇ.

ಹೋದ ವರ್ಷ ಮುದಲಾಳಿಯಮ್ಮ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅವರ ಮಗ ಮೈಕು ಹಿಡಿದು, ಉಳಿದದ್ದೆಲ್ಲ ಬಿಟ್ಟು ಗ್ಯಾಸ್ಕೆಟ್ ಒಂದನ್ನೇ ಹಿಡಿದದ್ದು ತನ್ನ ದೂರದೃಷ್ಟಿ ಎಂದ. ಜನ ತಲೆದೂಗಿದರು. ನಾನು ಎಲೆಯ ಮುಂದೆ ಕೂರದೆ ಬಂದುಬಿಟ್ಟೆ. ಅಲ್ಲಿ ಎದ್ದು ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಅವನ ಮಾತೊಂದೇ ಉಳಿಯಬಾರದು. ನಿಮಗೆ ಕನ್ನಡ ಓದುವುದು ನಿಧಾನ, ಗೊತ್ತು. ಆದರೂ ಈ ಹಾಳೆಗಳನ್ನು ಎಸೆಯಬೇಡಿ ಮಕ್ಕಳೇ, ಜೋಪಾನವಾಗಿಡಿ.