ಬೀಗದ ಕೈ ಒಪ್ಪಿಸುವುದು

ನಮ್ಮ ಮಾವ ತಕರಾರು ಮಾಡುವುದನ್ನು ನಿಲ್ಲಿಸಿದ ಮೇಲೆ ನನಗೆ ಹೆದರಿಕೆ ಶುರುವಾಯಿತು. ನನ್ನ ಗಂಡನಿಗೆ ನೆಮ್ಮದಿ ಶುರುವಾಯಿತು. ಒಂದೇ ಮನೆಯಲ್ಲಿ, ಒಬ್ಬರೇ ಮುದುಕರನ್ನು ನೋಡುತ್ತಾ ನಮ್ಮಿಬ್ಬರಿಗೆ ಹೀಗೆ ಬೇರೆ ಬೇರೆ ಅನಿಸಿದ್ದಕ್ಕೆ ಕಾರಣವಿತ್ತು. ನನ್ನ ಗಂಡ ಉಡುಪಿಯ ಕಡೆ ತಾಯಿಯ ಹತ್ತಿರ ಬೆಳೆದವರು. ನಾನು ಮುಂಬಯಿ ಹತ್ತಿರದ ಕಲ್ಯಾಣದ ಒಂದು ಹೋಟೆಲಿನ ಹಿಂದಿದ್ದ ಖೋಲಿಯಲ್ಲಿ ಬೆಳೆದವಳು. ನನ್ನ ಅಪ್ಪ ಅಲ್ಲಿ ಅಡಿಗೆಯವರು. ಹೋಟೆಲಿನ ಜನ ಹೇಗೆ ಬರುತ್ತಾರೆ, ಹೇಗೆ ಹೋಗುತ್ತಾರೆ ಎಂಬುದನ್ನು ನಾನು ಸಾಂಬಾರಿನ ವಾಸನೆಯ ಜೊತೆಗೇ ಕಲಿತಿದ್ದೆ.

ಮಾವ ಥಾಣೆಯಲ್ಲಿ ಹೋಟೆಲು ನಡೆಸಿದವರು. ಹಗಲು ಗಲ್ಲೆಯ ಮೇಲೆ ದುಡ್ಡೆಣಿಸುತ್ತಾ, ರಾತ್ರಿ ಅದೇ ಹೋಟೆಲಿನ ಅಟ್ಟದಲ್ಲಿ, ಕೆಲಸದವರ ಸಾಲಿನಲ್ಲೇ ಒಂದು ಚಾಪೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಹೆಂಡತಿ ಮಕ್ಕಳ ಮುಖ ನೋಡಿ ಬರುವುದು. ಅತ್ತೆ ಊರಲ್ಲೇ ತೀರಿಕೊಂಡರು. ತೊಂಬತ್ತರ ದಶಕದ ಮೊದಲಲ್ಲಿ ಆ ಹೋಟೆಲಿದ್ದ ಕಟ್ಟಡವನ್ನು ಕೆಡವಿದರು. ಆ ಹೊತ್ತಿಗೆ ಮಾವನ ಮಂಡಿಯೂ ಕೈಕೊಟ್ಟಿತ್ತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಡೊಂಬಿವಲಿಯಲ್ಲಿದ್ದ ನಮ್ಮ ಫ್ಲ್ಯಾಟಿಗೆ ಬಂದರು. ಜೀವಮಾನದಲ್ಲಿ ಒಬ್ಬರೇ ಒಂದು ಕೋಣೆಯಲ್ಲಿ ಮಲಗಿದ ಮನುಷ್ಯರಲ್ಲ. ನಾವೋ, ದೊಡ್ಡ ಉಪಕಾರ ಮಾಡುವವರ ಹಾಗೆ ಅವರಿಗೊಂದು ಕೋಣೆ ಬಿಟ್ಟುಕೊಟ್ಟೆವು.

ಮೊದಮೊದಲು ಅವರ ತಕರಾರಿಗೆ ಮಿತಿಯಿರಲಿಲ್ಲ. ಮಿಕ್ಸಿಯಲ್ಲಿ ಅರೆದದ್ದು ಚಟ್ನಿಯೇ ಅಲ್ಲ, ಫ್ರಿಜ್ಜಿನಲ್ಲಿಟ್ಟ ಹಿಟ್ಟು ಹೆಣದ ಹಾಗೆ ತಣ್ಣಗಿರುತ್ತದೆ, ನಾವು ಊಟ ಮಾಡುವುದಲ್ಲ, ರೈಲು ಹಿಡಿಯುವುದು. ಹೋಟೆಲು ತೆರೆದ ಕೂಡಲೇ ಮೊದಲ ಲೋಟ ಚಹಾವನ್ನು ರಸ್ತೆಗೆ ಚೆಲ್ಲುವುದು ಅವರ ಪದ್ಧತಿ. ಇಲ್ಲಿಗೆ ಬಂದ ಮೇಲೆ ಅದನ್ನು ಮೂರನೇ ಮಹಡಿಯ ಗ್ಯಾಲರಿಯಿಂದ ಮಾಡಿದರು. ಕೆಳಗಿನ ಮನೆಯಾಕೆ ಒಣಹಾಕಿದ್ದ ಹಪ್ಪಳಕ್ಕೆ ಅಭಿಷೇಕವಾಯಿತು. ಆಕೆ ಮೇಲೆ ಬಂದು ಮರಾಠಿಯಲ್ಲಿ ಬೆಂಕಿ ಕಾರಿದಳು. ಮಾವ ಗಲ್ಲೆಯ ಮೇಲೆ ಕೂತವರ ತಾಳ್ಮೆಯಿಂದ ಪೂರ್ತಿ ಕೇಳಿ, ಕೊನೆಗೆ, “ಬಸಾ ತಾಯಿ, ಚಹಾ ಘ್ಯಾ,” ಎಂದು ಕುರ್ಚಿ ಎಳೆದರು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಒಂದು ದಿನ ಯಾರಿಗೂ ಹೇಳದೆ ಸ್ಟೇಷನ್ನಿಗೆ ನಡೆದು, ಲೋಕಲ್ ಹತ್ತಿ ಥಾಣೆಗೆ ಹೋದರು. ಹೋಟೆಲಿದ್ದ ಜಾಗದಲ್ಲಿ ಕಂಬಿ, ಸಿಮೆಂಟು. ಅಲ್ಲೇ ಫುಟ್‌ಪಾತಿನ ಮೇಲೆ ಸಂಜೆಯವರೆಗೆ ಕೂತಿದ್ದರಂತೆ. ಹಳೆಯ ಗಿರಾಕಿಯೊಬ್ಬರು ಗುರುತು ಹಿಡಿದು ಮನೆಗೆ ಕರೆತಂದರು. ನನ್ನ ಗಂಡ ಹೆದರಿಹೋದರು. ಬೇಲಾಪುರ ರಸ್ತೆಯ ಕಾರ್ಖಾನೆಗೆ ಅವರ ಬಸ್ಸು ಬೆಳಿಗ್ಗೆಯೇ ಬರುತ್ತಿತ್ತು, ನನ್ನ ಕೆಲಸ ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಆಫೀಸಿನಲ್ಲಿ, ಮಗಳು ಶಾಲೆಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ನನ್ನ ಗಂಡ ಒಂದು ದಾರಿ ಕಂಡುಕೊಂಡರು. ಕಬ್ಬಿಣದ ಜಾಲಿ ಬಾಗಿಲಿಗೆ ಹೊರಗಿನಿಂದ ಬೀಗ. ಇನ್ನೊಂದು ಬೀಗದ ಕೈ ಎದುರು ಮನೆಯ ಮರಾಠಿ ಆಜಿಯ ಹತ್ತಿರ, ಮಗಳು ಶಾಲೆಯಿಂದ ಬಂದಾಗ ತೆಗೆಯಲಿ ಎಂದು. ನಮ್ಮ ಬಿಲ್ಡಿಂಗಿನಲ್ಲಿ ಇದು ಹೊಸದೇನಲ್ಲ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಒಂದೊಂದು ಮಹಡಿಯಲ್ಲೂ ಜಾಲಿಯ ಹಿಂದೆ ಒಂದೊಂದು ಮುದಿ ಮುಖ ಕಾಣುತ್ತಿತ್ತು. ನಾನು ನನ್ನ ಚಪ್ಪಲಿಯನ್ನೇ ನೋಡುತ್ತಾ ಇಳಿಯುತ್ತಿದ್ದೆ.

ಬೀಗ ಬಿದ್ದ ಮೇಲೆ ಮಾವ ಕೆಲವು ವಾರ ಕೂಗಾಡಿದರು. ಆಮೇಲೆ ಮೆಲ್ಲಗೆ ಸುಮ್ಮನಾದರು. ಚಹಾ ಚೆಲ್ಲುವುದು ನಿಂತಿತು. ಚಟ್ನಿ ಹೇಗಿದ್ದರೂ ಉಂಡರು. “ನೋಡು, ಅಪ್ಪ ಈಗ ಎಷ್ಟು ಚೆನ್ನಾಗಿ ಹೊಂದಿಕೊಂಡರು,” ಎಂದರು ನನ್ನ ಗಂಡ. ನಾನು ಅಡಿಗೆಮನೆಯ ಶೆಲ್ಫ್ ನೋಡುತ್ತಿದ್ದೆ. ಮಾವ ಹೋಟೆಲಿನಿಂದ ತಂದಿದ್ದ ಅವರ ಸ್ವಂತದ ಹಿತ್ತಾಳೆ ಲೋಟ ತೊಳೆದು, ಒರೆಸಿ, ಕವುಚಿಟ್ಟಿತ್ತು. ನಾವು ನೆಂಟರಿಗೆಂದು ಇಟ್ಟಿದ್ದ ಸ್ಟೀಲ್ ಲೋಟದಲ್ಲಿ ಅವರು ನೀರು ಕುಡಿಯುತ್ತಿದ್ದರು.

ಅದರ ಅರ್ಥ ನನಗೆ ಗೊತ್ತಿತ್ತು. ಅಪ್ಪ ಅಡಿಗೆ ಮಾಡುತ್ತಿದ್ದ ಹೋಟೆಲಿನಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟವನು ಒಂದೇ ದಿನ ಎದ್ದು ಹೋಗುತ್ತಿರಲಿಲ್ಲ, ‘ಚಾರ್ಜ್ ಒಪ್ಪಿಸಿ’ ಹೋಗುತ್ತಿದ್ದ. ಮೊದಲು ತನ್ನ ಲೋಟ ಕವುಚಿಡುತ್ತಿದ್ದ. ಆಮೇಲೆ ಕೊಡೆ, ಕಂಬಳಿ, ಕನ್ನಡಿ ಎಂದು ಒಂದೊಂದಾಗಿ ಇರುವವರಿಗೆ ಹಂಚುತ್ತಿದ್ದ. ಕಟ್ಟಕಡೆಗೆ ತನ್ನ ಹತ್ತಿರವಿದ್ದ ಬೀಗದ ಕೈಯನ್ನು ಧಣಿಯ ಅಂಗೈಗೆ ಇಟ್ಟು, ಹಿಂದೆ ನೋಡದೆ ಇಳಿದು ಹೋಗುತ್ತಿದ್ದ. ಬೀಗದ ಕೈ ಒಪ್ಪಿಸದೆ ಹೋದವನನ್ನು ಕಳ್ಳ ಎನ್ನುತ್ತಿದ್ದರು. ಹೋಗುವುದು ಧಣಿಗೆ ಇಷ್ಟವಿಲ್ಲದಿದ್ದರೆ ಅವರು ಕೈ ಚಾಚುತ್ತಿರಲಿಲ್ಲ, ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅಷ್ಟಕ್ಕೇ ಎಷ್ಟೋ ಜನ ಮತ್ತೆ ಅಟ್ಟ ಹತ್ತಿದ್ದನ್ನು ನಾನು ನೋಡಿದ್ದೇನೆ.

ಇನ್ನೊಂದನ್ನೂ ನೋಡಿದ್ದೆ. ನಾನು ಚಿಕ್ಕವಳಿದ್ದಾಗ ಒಬ್ಬ ವಯಸ್ಸಾದ ಸಪ್ಲೈಯರ್ ಹೀಗೇ ಎಲ್ಲ ಒಪ್ಪಿಸಿ, ನನಗೆ ತನ್ನ ಬಾಚಣಿಗೆ ಕೊಟ್ಟು, ಊರಿಗೆ ಹೋಗುತ್ತೇನೆಂದು ಹೊರಟ. ಅವನಿಗೆ ಊರಲ್ಲಿ ಯಾರೂ ಉಳಿದಿರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಯೋಚಿಸಲಿಲ್ಲ. ಅವನು ಊರಿನ ಬಸ್ಸು ಹತ್ತಲೇ ಇಲ್ಲ. ಮುಂದೇನಾಯಿತೆಂದು ಅಪ್ಪ ನಮಗೆ ಹೇಳಲಿಲ್ಲ. ಅಮ್ಮ ಆ ಬಾಚಣಿಗೆಯನ್ನು ನನ್ನ ಕೈಯಿಂದ ಕಿತ್ತು ಒಲೆಗೆ ಹಾಕಿದಳು.

ಮಾವನ ಕೊಡೆ ವಾಚ್‌ಮನ್ನನ ಕೈಗೆ ಬಂತು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಆಮೇಲೆ ಅವರ ಕೈಗಡಿಯಾರ ನನ್ನ ಮಗಳ ಕೈಯಲ್ಲಿ ಕಂಡಿತು. “ಅಜ್ಜ ನೇ ದಿಯಾ,” ಎಂದಳು ಅವಳು, ಸಂಭ್ರಮದಿಂದ. ದೋಸೆ ಎಬ್ಬಿಸುವ ಹಳೆಯ ಸಟ್ಟುಗವನ್ನು ಒಂದು ಭಾನುವಾರ ನನಗೇ ಕೊಟ್ಟರು. “ಇಟ್ಕೊ ಮಗಾ, ನನಗೆಂತಕ್ಕೆ ಇನ್ನು,” ಎಂದರು. ಟ್ರಂಕು ಖಾಲಿಯಾಗಿ ಬಿಸಿಲಿಗೆ ಬಾಯಿ ತೆರೆದುಕೊಂಡಿತ್ತು.

ನಾನು ಗಂಡನಿಗೆ ಎಲ್ಲ ಹೇಳಿದೆ. “ನಿನಗೆ ಎಲ್ಲದರಲ್ಲೂ ಭೂತವೇ ಕಾಣುವುದು ಮಾರಾಯ್ತಿ,” ಎಂದರು. ಡಾಕ್ಟರಿಗೆ ತೋರಿಸೋಣ ಎಂದಾಗ, ಅಪ್ಪನನ್ನು ಥಾಣೆಗೆ ಕಳಿಸಿದರು ಎಂದು ಜನ ಆಡಿಕೊಳ್ಳುತ್ತಾರೆ ಎಂದು ಸಿಟ್ಟಾದರು. ಥಾಣೆಯಲ್ಲಿ ಹುಚ್ಚಾಸ್ಪತ್ರೆ ಇತ್ತು, ನಮ್ಮ ಕಡೆ ಆಗ ‘ಥಾಣೆಗೆ ಕಳಿಸಬೇಕು’ ಅಂದರೆ ಹುಚ್ಚು ಹಿಡಿದಿದೆ ಎಂದೇ ಅರ್ಥ. ದಿನಾ ಥಾಣೆಗೆ ಹೋಗಿ ಬರುವವಳು ನಾನು, ನನಗೆ ಈ ಮಾತು ಕೇಳಿ ಮೈ ಉರಿಯಿತು. “ಜನ ಏನಂತಾರೆ ಅಂತ ಕೂತ್ರೆ ನಾಳೆ ಅದೇ ಜನರನ್ನ ಹೊರಲಿಕ್ಕೆ ಕರೀಬೇಕಾಗ್ತದೆ,” ಎಂದುಬಿಟ್ಟೆ. ಮದುವೆಯಾದ ಮೇಲೆ ಅವರ ಮುಂದೆ ಅಷ್ಟು ಕಟುವಾಗಿ ಆಡಿದ್ದು ಅದೇ ಮೊದಲು.

ಅದೇ ವಾರ ಮಾವ ಊಟದ ಹೊತ್ತಿಗೆ ಮೆಲ್ಲಗೆ ಕೇಳಿದರು. “ಈ ಮನೆದೊಂದು ಬೀಗದ ಕೈ ನನಗೆ ಕೊಡ್ಲಿಕ್ಕೆ ಆಗ್ತದಾ?”

ನನ್ನ ಗಂಡನ ಕಣ್ಣು ತುಂಬಿ ಬಂತು. ಕೊನೆಗೂ ಅಪ್ಪನಿಗೆ ಇದು ತನ್ನ ಮನೆ ಅನಿಸಿತಲ್ಲ ಎಂದು. ನನಗೆ ಕಲ್ಯಾಣದ ಹೋಟೆಲಿನ ಧಣಿಯ ಅಂಗೈ ನೆನಪಾಯಿತು. ಅವರ ಹತ್ತಿರ ಒಪ್ಪಿಸಲು ಉಳಿದದ್ದು ಅದೊಂದೇ, ಮತ್ತು ಅದನ್ನು ನಾವು ಅವರಿಗೆ ಕೊಟ್ಟೇ ಇರಲಿಲ್ಲ. ಇಷ್ಟು ದಿನ ಅವರನ್ನು ತಡೆದು ನಿಲ್ಲಿಸಿದ್ದು ಅದೊಂದೇ ಇರಬಹುದು. ಕೊಡಬೇಡಿ ಎಂದು ನಾನು ಹಟ ಹಿಡಿದೆ. ಕೊಡದಿದ್ದರೆ ಮಗನಾಗಿ ಏನು ಪ್ರಯೋಜನ ಎಂದು ಅವರು ಹಟ ಹಿಡಿದರು. ಕೊನೆಗೆ, ಡಾಕ್ಟರು ಏನು ಹೇಳುತ್ತಾರೋ ಹಾಗೆ ಎಂದು ಒಪ್ಪಿದರು.

ಡಾಕ್ಟರು ಥಾಣೆಯವರೇ. ಮಾವ ಅವರೆದುರು, “ಎಲ್ಲ ಸರಿ ಉಂಟು,” ಎಂದು ಕೈಮುಗಿದು ಕೂತರು. ಡಾಕ್ಟರು ಅವರನ್ನು ಹೊರಗೆ ಕೂರಿಸಿ ನಮ್ಮೊಡನೆ ಮಾತಾಡಿದರು. ಇದು ಮನಸ್ಸಿನ ಕಾಯಿಲೆ, ಮಾತ್ರೆ ಕೊಡುತ್ತೇನೆ, ಹತ್ತಲು ಸಮಯ ಬೇಕು ಎಂದರು. ಅಲ್ಲಿಯವರೆಗೆ ಕಣ್ಣಿಡಿ, ಆದರೆ ಆ ಬೀಗ ತೆಗೆಯಿರಿ, ಒಬ್ಬರನ್ನೇ ಬಿಡಬೇಡಿ ಎಂದರು. ಸಾಯಬೇಕು ಅನಿಸುತ್ತದೆಯೇ ಎಂದು ನೀವೇ ಅವರನ್ನು ನೇರವಾಗಿ ಕೇಳಬೇಕು, ಕೇಳಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ ಎಂದೂ ಹೇಳಿದರು.

ನನ್ನ ಗಂಡನಿಗೆ ಆ ಪ್ರಶ್ನೆ ನಾಲಿಗೆಗೆ ಬರಲಿಲ್ಲ. ನಾನೇ ಕೇಳಿದೆ, ಗ್ಯಾಲರಿಯಲ್ಲಿ, ತೊಗರಿಬೇಳೆ ಆರಿಸುತ್ತಾ. “ಮಾವ, ಸಾಯ್ಬೇಕು ಅನಿಸ್ತದಾ?”

ಅವರು ಬೇಳೆಯಿಂದ ಒಂದು ಕಲ್ಲು ಹೆಕ್ಕಿ ಬದಿಗಿಟ್ಟರು. “ಅನಿಸ್ತದೆ ಮಗಾ. ಇಲ್ಲಿ ನಾನು ಗಿರಾಕಿಯಾ, ಕೆಲಸದವನಾ ಗೊತ್ತಾಗುದಿಲ್ಲ. ಎರಡೂ ಅಲ್ಲದವನು ಹೋಟೆಲಲ್ಲಿ ಎಂತ ಮಾಡ್ತಾನೆ? ಆದ್ರೆ ಒಪ್ಪಿಸದೆ ಹೋಗುದು ಸರಿಯಲ್ಲ. ನೀನು ಹೋಟೆಲಿನ ಹುಡುಗಿ, ನಿನಗೆ ಗೊತ್ತು.”

ನನಗೆ ಅಳು ಬಂತು. ಮುಚ್ಚಿಟ್ಟುಕೊಳ್ಳದೆ ಅತ್ತೆ. ಆಮೇಲೆ ಒಳಗೆ ಹೋಗಿ ನನ್ನ ಬೀಗದ ಕೈಯನ್ನೇ ತಂದು ಅವರ ಅಂಗೈಯಲ್ಲಿಟ್ಟೆ. “ತಗೊಳ್ಳಿ. ಇನ್ನು ಹೊರಗಿನ ಬೀಗ ಇಲ್ಲ. ಬೆಳಿಗ್ಗೆ ಹಾಲಿನವನಿಗೆ ಬಾಗಿಲು ತೆಗೆಯುವುದು ನೀವು, ಸಂಜೆ ನನಗೆ ತೆಗೆಯುವುದೂ ನೀವು. ಆದ್ರೆ ಇದನ್ನ ವಾಪಸ್ ಕೊಟ್ರೆ ನಾನು ಕೈ ಚಾಚುದಿಲ್ಲ. ಈ ಮನೆಯ ಧಣಿ ನಾನು, ಈಗಲೇ ಹೇಳ್ತಿದ್ದೇನೆ,” ಎಂದೆ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಎದುರು ಮನೆಯ ಆಜಿ ಹಗಲು ತನ್ನ ಸೊಪ್ಪು ಬಿಡಿಸುವ ಕೆಲಸವನ್ನೆಲ್ಲ ನಮ್ಮ ಮನೆಗೆ ತಂದುಕೊಂಡಳು. ಆದರೂ ಸಂಜೆ ಥಾಣೆಯಿಂದ ಡೊಂಬಿವಲಿಯವರೆಗೆ ರೈಲಿನಲ್ಲಿ ನಾನು ಸ್ಟೇಷನ್ ಎಣಿಸುತ್ತಾ ಬರುತ್ತಿದ್ದೆ. ದಾರಿಯ ದಿವಾ ಸ್ಟೇಷನ್ನಿನಲ್ಲಿ ಗಾಡಿ ಸುಮ್ಮನೆ ನಿಂತರೆ ಸಾಕು, ಹಳಿಯ ಮೇಲೆ ಏನಾದರೂ ಆಗಿದೆಯೇ ಎಂದು ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದೆ. ಸ್ಟೇಷನ್ನಿನಲ್ಲಿ ಇಳಿದು ತರಕಾರಿ ತೆಗೆದುಕೊಳ್ಳುತ್ತಿದ್ದೆ, ಬೇಕಿರಲಿ ಬೇಡವಿರಲಿ. ಎರಡು ಚೀಲ, ಎರಡು ಕೈಗೂ. ಮೂರನೇ ಮಹಡಿಗೆ ಬಂದರೆ ಮಾವ ಬಾಗಿಲಲ್ಲಿ ನಿಂತಿರುತ್ತಿದ್ದರು, ಚಾಚಿದ ಅಂಗೈಯಲ್ಲಿ ಬೀಗದ ಕೈ.

“ಕೈ ಖಾಲಿ ಇಲ್ಲ ಮಾವ,” ಎಂದು ನಾನು ಒಳಗೆ ಹೋಗುತ್ತಿದ್ದೆ. ಅವರು ಅದನ್ನು ಮತ್ತೆ ಅಂಗಿಯ ಜೇಬಿಗೆ ಹಾಕುತ್ತಿದ್ದರು. ಮರುದಿನ ಮತ್ತೆ ಅದೇ. ಮನೆಯಲ್ಲಿ ಕೊಳೆಯುವಷ್ಟು ಸೊಪ್ಪು ತುಂಬಿತು. ಕೊಳೆತದ್ದನ್ನು ನನ್ನ ಗಂಡನೇ ರಾತ್ರಿ ಕೆಳಗೆ ಹಾಕಿ ಬರುತ್ತಿದ್ದರು. ಅವರಿಗೂ ಈಗ ಭೂತ ಕಾಣುತ್ತಿತ್ತು.

ಮಾತ್ರೆ ಹತ್ತಿತೋ, ಬಾಗಿಲು ತೆರೆದದ್ದು ಹತ್ತಿತೋ ಗೊತ್ತಿಲ್ಲ. ಮಳೆ ಹೋಗಿ ಚಳಿ ಬಂದ ಮೇಲೆ ಒಂದು ಸಂಜೆ ಅವರು ಅಂಗೈ ಚಾಚಲಿಲ್ಲ. ಚೀಲದೊಳಗೆ ಕೈ ಹಾಕಿ, ಒಂದು ತೊಂಡೆಕಾಯಿ ಮುರಿದು, “ಇದೆಂತ ತಂದದ್ದು? ಒಳಗೆಲ್ಲ ಹಣ್ಣು. ನಿನಗೆ ಮಾರ್ಕೆಟ್ಟಿನವ ಚೆನ್ನಾಗಿ ಟೋಪಿ ಹಾಕಿದ,” ಎಂದು ಬೈದರು. ಅಷ್ಟು ಚೆಂದದ ಬೈಗುಳ ನಾನು ಕೇಳಿರಲಿಲ್ಲ. ಮರುದಿನದಿಂದ ತರಕಾರಿ ತರುವುದು ಅವರದೇ ಕೆಲಸವಾಯಿತು. ಬೆಳಿಗ್ಗೆ ಮೊದಲ ಲೋಟ ಚಹಾ ಹಿಡಿದು ಮೆಟ್ಟಿಲಿಳಿದು ಗೇಟಿನ ಹೊರಗೆ ಚೆಲ್ಲಿ ಬರುತ್ತಿದ್ದರು.

ಆದರೂ ಪೂರ್ತಿ ಹೋಯಿತು ಎಂದು ಹೇಳಲಾರೆ. ಕೆಲವು ಸಂಜೆ, ಏನೂ ಕಾರಣವಿಲ್ಲದೆ, ಆ ಅಂಗೈ ಮತ್ತೆ ಬಾಗಿಲಲ್ಲಿ ಕಾಣುತ್ತಿತ್ತು. ಅದಕ್ಕೇ ನಾನು ಎರಡು ಚೀಲ ಹಿಡಿದು ಬರುವುದನ್ನು ಬಿಡಲಿಲ್ಲ. ತರಕಾರಿ ಇಲ್ಲದ ದಿನ ಹಳೆಯ ಪೇಪರ್ ತುಂಬಿಸಿಕೊಂಡು ಬಂದದ್ದೂ ಉಂಟು.

ಆ ದಶಕ ಮುಗಿಯುವ ಹೊತ್ತಿಗೆ ಅವರಿಗೆ ನ್ಯುಮೋನಿಯಾ ಆಯಿತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನ ನಾನು ಗಂಜಿಯ ಡಬ್ಬಿಯ ಚೀಲ ಒಂದು ಕೈಯಲ್ಲಿ, ಬಟ್ಟೆಯ ಚೀಲ ಇನ್ನೊಂದು ಕೈಯಲ್ಲಿ ಹಿಡಿದು ಮಂಚದ ಹತ್ತಿರ ಹೋದೆ. ಮಾವ ಕಣ್ಣು ತೆರೆದರು. ತಲೆದಿಂಬಿನ ಕೆಳಗಿನಿಂದ ಬೀಗದ ಕೈ ತೆಗೆದು, ನಡುಗುವ ಅಂಗೈಯಲ್ಲಿ ನನ್ನ ಮುಂದೆ ಹಿಡಿದರು.

“ಕೈ ಖಾಲಿ ಉಂಟಾ ಮಗಾ?” ಎಂದು ಕೇಳಿದರು.

ನಾನು ಎರಡೂ ಚೀಲ ಕೆಳಗಿಟ್ಟು ಕೈ ಚಾಚಿದೆ.