ಕಾಫಿ ತುಳುಕದ ಕಾಡುದಾರಿ

ಬೆಳಗಿನ ಐದೂವರೆ. ಬಾಸ್‌ವುಡ್ ಬೆಂಡ್ ಕಾಡಿನ ಗೇಟಿನ ಬಳಿ ಆರ್ಡಿತ್ ಕ್ಲೀಮ್ ಎಂಬಾಕೆ ಹಳೆಯದೊಂದು ತಳ್ಳುಗಾಡಿಯಲ್ಲಿ, ಮಗುವನ್ನು ಮಲಗಿಸುವ ಜಾಗದಲ್ಲಿ, ಮೈದಾಹಿಟ್ಟಿನ ಎರಡು ಚೀಲ ಮಲಗಿಸಿ ಬೆಲ್ಟು ಬಿಗಿಯುತ್ತಿದ್ದಾರೆ. ಮೇಲೊಂದು ಹಲಗೆ, ಹಲಗೆಯ ಮೇಲೆ ಅಂಚಿನವರೆಗೆ ಕಾಫಿ ತುಂಬಿದ ಲೋಟ. ಗಾಡಿ ಕಾಡಿನೊಳಗೆ ಹೊರಡುತ್ತದೆ. ಸುತ್ತ ಹಕ್ಕಿಗಳ ಗದ್ದಲವೋ ಗದ್ದಲ, ಆರ್ಡಿತ್ ಕಣ್ಣು ಮಾತ್ರ ಲೋಟದ ಮೇಲೆ.

"ಕಾಫಿ ಚೆಲ್ಲಿದ್ರೆ ಕೂಸು ಏಳತ್ತೆ. ಕೂಸು ಎದ್ರೆ ಅಮ್ಮ ವಾಪಸ್ ಮನೆಗೆ. ದಾರಿ ಕೊನೇಲಿರೋ ಕೊಳ ನೋಡೋದು ಅಲ್ಲಿಗೆ ಮುಗೀತು," ಎನ್ನುತ್ತಾರೆ.

ಲೋಟ ತುಳುಕಿದಲ್ಲೆಲ್ಲ ನಿಲ್ಲುತ್ತಾರೆ. ಬೇರು ಎದ್ದಿದ್ದರೆ ಸುತ್ತ ಮರದ ಚಕ್ಕೆ ತುಂಬುತ್ತಾರೆ, ಗುಳಿ ಬಿದ್ದಿದ್ದರೆ ಜಲ್ಲಿ ಸುರಿದು ಕುಟ್ಟುತ್ತಾರೆ. ಮೂವತ್ತೊಂದು ವರ್ಷ ವಿಸ್ಕಾನ್ಸಿನ್‌ನ ಹಳ್ಳಿರಸ್ತೆಗಳಲ್ಲಿ ಶಾಲಾ ಬಸ್ಸು ಓಡಿಸಿದವರು. ಹಿಂದೆ ಕೂತವರ ಕುಲುಕಾಟ ಎಂಥದೆಂದು ಚೆನ್ನಾಗಿ ಬಲ್ಲರು. ಈಗ ಅರವತ್ತಾರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಕಾಡುದಾರಿ ನೋಡಿಕೊಳ್ಳುವ ಸಂಬಳವಿಲ್ಲದ ಈ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇವರಿಗೆ ದಕ್ಕಿದ್ದು ಕೆಸರು ಮಾತ್ರ.

ಮೊದಲ ವರ್ಷವೇ ಎಡವಟ್ಟು ಮಾಡಿಕೊಂಡರು. ದಾರಿ ತಪ್ಪದಿರಲೆಂದು ಮರಗಳಿಗೆ ಹಳದಿ ಗುರುತು ಬಳಿದರು, ಅದೂ ಏಪ್ರಿಲ್‌ನಲ್ಲಿ, ಮರಗಳೆಲ್ಲ ಬೋಳಾಗಿದ್ದಾಗ. ಜೂನ್‌ನಲ್ಲಿ ಎಲೆ ತುಂಬಿತು, ಗುರುತೆಲ್ಲ ಮಾಯ. ಒಂದು ಸಂಸಾರ ಎರಡು ತಾಸು ಅಲೆದು ಹೊರಬಂತು. "ಆ ಮಕ್ಳ ಮುಖ ನೋಡಿ ನಾಚಿಕೆ ಆಯ್ತು ನಂಗೆ. ಈಗ ಎಲೆ ತುಂಬಿದ ಮೇಲೇ ಬಣ್ಣ. ಅದೂ ಮಕ್ಳ ಎತ್ತರಕ್ಕೆ. ಮುಂದೆ ಓಡೋರು ಅವ್ರೇ ಅಲ್ವಾ?"

ಈ ವರ್ಷದ ಪೆಟ್ಟು ದೊಡ್ಡದು. ಹಿಮ ಕರಗಿದ ನೀರಿಗೆ ಜೌಗಿನ ಮೇಲಿನ ಹಲಗೆದಾರಿ ವಾಲಿತು. ಸರಿಹೋಗದಿದ್ದರೆ ಅಲ್ಲಿಂದಾಚೆ ಕೊಳದವರೆಗೂ ದಾರಿ ಮುಚ್ಚುವುದೆಂದು ಕಾಡಿನ ಸಮಿತಿ ಹೇಳಿತು. ಆರು ವಾರ ಆರ್ಡಿತ್ ಮತ್ತು ನೆರೆಯ ರೈತ ರಾಯ್ಸ್ ಟೆಗೆನ್ ಮೊಣಕಾಲುದ್ದ ನೀರಲ್ಲಿ ನಿಂತು ಇನ್ನೂರ ಹನ್ನೆರಡು ಹಲಗೆ ಬಿಚ್ಚಿ, ಸಮ ಮಾಡಿ, ಮತ್ತೆ ಜಡಿದಿದ್ದಾರೆ.

"ನನ್ನ ಹಸುಗಳೂ ನನ್ನನ್ನ ಇಷ್ಟು ಗೋಳು ಹೊಯ್ಕೊಂಡಿಲ್ಲ ಮಾರಾಯ್ತಿ," ರಾಯ್ಸ್ ಗೊಣಗುತ್ತಾರೆ. "ಒಂದು ಕೂದಲೆಳೆ ಏರುಪೇರಾದ್ರೂ ಬಿಚ್ಚು ಅಂತೀಯ."

"ಬಿಚ್ದೆ ಇರ್ತೀಯಾ? ರೂಬಾರ್ಬ್ ದಂಟಿನ ಕೇಕು ಯಾರು ಕೊಡ್ತಾರೆ ಆಮೇಲೆ?" ಎನ್ನುತ್ತಾರೆ ಆರ್ಡಿತ್.

ಇವತ್ತೇ ತೀರ್ಮಾನ. ಒಂಬತ್ತಕ್ಕೆ ಸಮಿತಿಯ ಅಧ್ಯಕ್ಷೆ ಲೆನೋರ್ ಫಿಚ್ ಬರುತ್ತಾರೆ, ಮೊಮ್ಮಗನ ತಳ್ಳುಗಾಡಿ ಸಮೇತ. "ನಿಮ್ಮ ಹಿಟ್ಟಿನ ಚೀಲ ಬೇಡಮ್ಮ. ಈಗಷ್ಟೇ ಮಲಗಿದಾನೆ. ಸೊಳ್ಳೆ ಹಾರಿದ್ರೂ ಏಳೋ ಪುಣ್ಯಾತ್ಮ ಇವ್ನು."

ಗಾಡಿ ಹಲಗೆ ಏರುತ್ತದೆ. ಆರ್ಡಿತ್ ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಡೆಯುತ್ತಾರೆ, ಹಿಂದೆ ರಾಯ್ಸ್. ನಡುವೆ ಒಂದು ಕಡೆ ಚಕ್ರ ಟಕ್ ಎನ್ನುತ್ತದೆ. ಮಗು ಮುಖ ಕಿವುಚುತ್ತದೆ, ಅಳಲು ಬಾಯಿ ತೆರೆಯುತ್ತದೆ. ಮೂವರೂ ಕಲ್ಲಾಗಿ ನಿಲ್ಲುತ್ತಾರೆ. ಮಗು ಆಕಳಿಸಿ ಮತ್ತೆ ನಿದ್ದೆಗೆ ಜಾರುತ್ತದೆ. ಕೊಳ ಬಂದು, ಕಪ್ಪೆಗಳು ಧುಮುಕಿದರೂ ಕಣ್ಣು ಬಿಡುವುದಿಲ್ಲ.

"ದಾರಿ ತೆರೆದೇ ಇರ್ಲಿ," ಲೆನೋರ್ ಪಿಸುಗುಡುತ್ತಾರೆ.

ಆರ್ಡಿತ್‌ಗೆ ಕಣ್ಣು ತುಂಬುತ್ತದೆ. ಗೇಟಿನ ಬಳಿ ನಿಮ್ಮ ಹೆಸರಿನ ಫಲಕ ಹಾಕಿಸಬಹುದಲ್ಲ ಎಂದು ಲೆನೋರ್ ಕೇಳಿದರೆ ಬೇಡವೆಂದು ತಲೆಯಾಡಿಸಿ, ಟಕ್ ಎಂದ ಹಲಗೆಯತ್ತ ಸುತ್ತಿಗೆ ಹಿಡಿದು ಹೊರಡುತ್ತಾರೆ.

"ಮಕ್ಳಿಗೆ ಹಕ್ಕಿ ನೆನಪಿರ್ಲಿ, ಕಪ್ಪೆ ನೆನಪಿರ್ಲಿ, ಅಷ್ಟು ಸಾಕು. ದಾರಿ ನೆನಪಿರ್ಬಾರ್ದು. ಎಡವಿದೋರು ತಾನೇ ದಾರಿ ನೆನಪಿಟ್ಕೊಳ್ಳೋದು?"